ಕೂದಲೆಳಿ ಸಂದಿ, ಘಟ್ಟದಷ್ಟು ತ್ರಾಸು

ನಮ್ಮ ಮನ್ಯಾಗ ಕಾರು ನನ್ನ ಖಾತೆ, ಮಿಕ್ಸರ್ ಹೆಂಡತಿ ಖಾತೆ ಅಂತ ಲಗ್ನ ಆದಾಗಿಂದ ವಾಟಣಿ ಆಗೇದ. ಹಿಂಗಾಗಿ ಅಂಕೋಲಾದಿಂದ ಹುಬ್ಬಳ್ಳಿಗೆ ಬರಬೇಕಾದ್ರ ಅರಬೈಲ್ ಘಟ್ಟದಾಗ ಕಾರು ಜರ್ಕ್ ಹೊಡಿಲಿಕ್ಕೆ ಹತ್ತಿದಾಗ ತಪ್ಪೂ ನಂದ ಆತು. ಹಿಂದ ಲಾರಿ ಹಾರ್ನ್, ಹಿಂದಿನ ಸೀಟಿನ್ಯಾಗ ಅವ್ವನ ರಾಯರ ಜಪ, ಬಾಜೂಕ ಹೆಂಡತಿ, ‘ಹೊಸಾ ಪ್ಲಗ್ ಹಾಕ್ಸೇನಿ ಅಂದಿದ್ರೆಲ್ಲಾ?’

ಹಾಕ್ಸಿದ್ದೆ ಖರೆ. ನಮ್ಮದು ಟರ್ಬೊ ಪೆಟ್ರೋಲ್ ಗಾಡಿ. ಅಂಗಡಿಯಂವಾ ‘ಥ್ರೆಡ್ ಕೂತರ ಸಾಕ್ರಿ, ಪ್ಲಗ್ ಎಲ್ಲಾ ಒಂದ’ ಅಂದ. ನಾಕ ರೊಕ್ಕ ಉಳೀತಂತ ನಾನೂ ಹೂಂ ಅಂದೆ.

ಎಲ್ಲಾ ಒಂದ ಅಲ್ಲರಿ. ಟರ್ಬೊ ಇರಲಿ, ಸೂಪರ್‌ಚಾರ್ಜರ್ ಇರಲಿ, ಇಂಜಿನ್ನಿಗೆ ಗಾಳಿ ಒತ್ತಿ ತುಂಬತದ. ಗಾಳಿ ದಟ್ಟ ಆದಷ್ಟೂ ಕಿಡಿ ಸಂದಿ ದಾಟಲಿಕ್ಕೆ ಹೆಚ್ಚು ವೋಲ್ಟೇಜ್ ಬೇಕು. ಸಪಾಟ ರಸ್ತೆದಾಗ ಹೆಂಗೋ ನಡೀತದ, ಏರಿನ್ಯಾಗ ಪೆಡಲ್ ಒತ್ತಿದಾಗ ಕಿಡಿ ಕೈಕೊಡತದ. ಮನಿಗೆ ಬಂದು ಪ್ಲಗ್ ಬಿಚ್ಚಿ ಗೇಜ್ ಹಾಕಿದ್ರ ಸಂದಿ 1.1 ಮಿಲಿಮೀಟರ್! ಗಾಡಿ ಪುಸ್ತಕದಾಗ ಬರದದ್ದು 0.7ರಿಂದ 0.8.

ಎರಡನೇದು ಶಾಖದ ನಂಬರು. ಒತ್ತಿ ತುಂಬೋ ಇಂಜಿನ್ ಹೆಚ್ಚು ಕಾಯತದ, ಅದಕ್ಕ ಶಾಖಾ ಲಗೂನ ಹೊರಗ ಬಿಡೋ ‘ತಣ್ಣನ್’ ಪ್ಲಗ್ ಬೇಕು. ಎನ್‌ಜಿಕೆದಾಗ ನಂಬರ್ ಏರಿದ್ರ ತಣ್ಣಗ, ಬಾಷ್‌ದಾಗ ಉಲ್ಟಾ. ಕಂಪನಿ ಬದಲಾಯಿಸಿ ನಂಬರ್ ಅಷ್ಟ ನೋಡಿದ್ರ ಕೆಟ್ಟಿರಿ.

ಹಂಗಂತ ಅತಿ ಮಾಡಬ್ಯಾಡ್ರಿ. ಸಂದಿ ಭಾಳ ಸಣ್ಣದಾದ್ರ ಕಿಡಿ ಸಣಕಲ, ನಿಂತಲ್ಲೇ ಇಂಜಿನ್ ನಡಗತದ. ಪ್ಲಗ್ ಭಾಳ ತಣ್ಣಗಿದ್ರ ಮಸಿ ಸುಡದನ ಕೂಡತದ. ಇರಿಡಿಯಮ್ ಪ್ಲಗ್ ಇದ್ರ ನಡುವಿನ ಸೂಜಿಯಂಥಾ ತುದಿ ಮುಟ್ಟಲೇಬ್ಯಾಡ್ರಿ, ಮುರೀತದ. ಬಗ್ಗಿಸೋದಾದ್ರ ಮ್ಯಾಲಿನ ಕೊಂಡಿ ಅಷ್ಟ, ಅದೂ ಹಗೂರಕ. ಇಂಜಿನ್ ಆರಿದ ಮ್ಯಾಲೇ ಬಿಚ್ಚರಿ, ತಿರುವೂ ಮುಂದ ಹಟಾ ಮಾಡಬ್ಯಾಡ್ರಿ. ಅಲ್ಯೂಮಿನಿಯಮ್ ಹೆಡ್ಡಿನ ಥ್ರೆಡ್ ಹೋದ್ರ ಪ್ಲಗ್ಗಿನ ಉಳಿತಾಯ ಎಲ್ಲಾ ಅದಕ್ಕ ಹೋಗತದ.

ನನ್ನ ಪ್ರಕಾರ ಪ್ಲಗ್ ಆರಿಸೋದು ಅಂಗಡಿಯಂವನ ಕೆಲಸ ಅಲ್ಲ, ಮಾಲಕಂದು. ಘಟ್ಟದಾಗ ಮಂದಿ ಕೂಡಿಸ್ಕೊಂಡು ಹೋಗಾಂವ ಅಂವಲ್ಲ, ನಾವು.

ಸರಿ ಪ್ಲಗ್ ಹಾಕಿದ ಮ್ಯಾಲೆ ಅದೇ ಘಟ್ಟ ಒಂದ ಉಸುರಿಗೆ ಏರೇವಿ. ಆದ್ರ ಗಾಡಿ ಪುಸ್ತಕ ಈಗ ನನ್ನ ಹತ್ರ ಇಲ್ಲ. ಹೆಂಡತಿ ಅದನ್ನ ಪಂಚಾಂಗದ ಬಾಜೂಕ ಇಟ್ಕೊಂಡಾಳ. ಖಾತೆ ಬದಲಾತು ಅಂತ ತಿಳೀರಿ.