ಕಮಲಾಪುರದಲ್ಲೊಂದು ಹಾಡಿನ ಸ್ಟುಡಿಯೊ

1972ರ ಜೂನ್‌ನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿದ ‘ಐಲ್ ಟೇಕ್ ಯು ದೇರ್’ ಹಾಡಿನಲ್ಲಿ ಮಾತುಗಳು ಬಹಳ ಕಡಿಮೆ. ಅದನ್ನು ಹೊತ್ತು ನಡೆಸುವುದು ಬೇಸ್ ಗಿಟಾರಿನ ಒಂದೇ ಹದದ ನಡೆ ಮತ್ತು ಮೇವಿಸ್ ಸ್ಟೇಪಲ್ಸ್ ಅವರ ಒರಟು ದನಿ. ಹಾಡಿದ ಸ್ಟೇಪಲ್ ಸಿಂಗರ್ಸ್ ತಂಡ ಅಪ್ಪ ಮಕ್ಕಳ ಮೇಳ, ಚರ್ಚುಗಳಲ್ಲಿ ದೇವರ ಪದ ಹಾಡುತ್ತ ಬೆಳೆದದ್ದು. ಹಾಡು ಕಟ್ಟಿದ ಅಲ್ ಬೆಲ್ ಆಗಷ್ಟೇ ಕೊಲೆಯಾದ ತಮ್ಮನನ್ನು ಮಣ್ಣು ಮಾಡಿ ಬಂದಿದ್ದರು. ದುಃಖವಿಲ್ಲದ ಒಂದು ತಾಣದ ಹಂಬಲ, ಮುಂದಿನವಳು ಕೂಗಿದಾಗ ಹಿಂದಿನವರು ಓಗೊಡುವ ಪರಿ, ಕೇಳುತ್ತ ಕೇಳುತ್ತ ಕಾಲು ತಾನಾಗಿ ತಾಳ ಹಿಡಿಯುವುದು: ಏಕತಾರಿ, ದಮ್ಮಡಿ, ಹಾರ್ಮೋನಿಯಂ ಇಟ್ಟುಕೊಂಡು ಬೆಳತನಕ ಭಜನೆ ಮಾಡುವ ಕಲಬುರಗಿ ಸೀಮೆಯ ಕಿವಿಗೆ ಈ ಕಟ್ಟು ಅಪರಿಚಿತವಲ್ಲ. ನನ್ನ ವಾದ ಹುಟ್ಟುವುದು ಈ ಹೋಲಿಕೆಗಿಂತ ಹೆಚ್ಚಾಗಿ ಆ ಹಾಡು ಧ್ವನಿಮುದ್ರಣಗೊಂಡ ಜಾಗದಿಂದ.

ಹಾಡಿನ ಮೂಲ ಲಯ ದಾಖಲಾದದ್ದು ಅಲಬಾಮಾ ರಾಜ್ಯದಲ್ಲಿ, ಟೆನೆಸಿ ನದಿಯ ದಂಡೆಯ ಮಸಲ್ ಶೋಲ್ಸ್ ಎಂಬ ಸಣ್ಣ ಊರಿನ ಆಸುಪಾಸಿನಲ್ಲಿ. ಬ್ಯಾರಿ ಬೆಕೆಟ್, ರೋಜರ್ ಹಾಕಿನ್ಸ್, ಜಿಮ್ಮಿ ಜಾನ್ಸನ್, ಡೇವಿಡ್ ಹುಡ್ ಎಂಬ ನಾಲ್ವರು ವಾದಕರು 1969ರಲ್ಲಿ ಅಲ್ಲಿ ಸ್ವಂತ ಸ್ಟುಡಿಯೊ ತೆರೆದರು. ಆ ನಾಲ್ವರೂ ಬಿಳಿಯರು. 1963ರಲ್ಲಿ ಕಪ್ಪು ವಿದ್ಯಾರ್ಥಿಗಳು ಒಳಗೆ ಬರಬಾರದೆಂದು ಗವರ್ನರನೇ ವಿಶ್ವವಿದ್ಯಾಲಯದ ಬಾಗಿಲಿಗೆ ಅಡ್ಡ ನಿಂತ ರಾಜ್ಯವದು. ಅಂಥ ನೆಲದಲ್ಲಿ ಕಪ್ಪು ದನಿ, ಬಿಳಿ ಕೈಗಳು ಒಂದೇ ಕೋಣೆಯಲ್ಲಿ ಕೂಡಿ ನುಡಿಸಿದವು. ಇದೇ ಹಾಡಿನ ವಾದಕರು ಬೇಕೆಂದು ಗಾಯಕ ಪಾಲ್ ಸೈಮನ್ ಕೇಳಿದಾಗ, ಆ ವಾದಕರು ಕಪ್ಪು ಜನಾಂಗದವರೆಂದೇ ತಿಳಿದಿದ್ದರಂತೆ. ಆಮೇಲೆ ಸೈಮನ್ ನ್ಯೂಯಾರ್ಕ್ ಬಿಟ್ಟು ಆ ಊರಿಗೇ ಹೋದರು. ರೋಲಿಂಗ್ ಸ್ಟೋನ್ಸ್ ಅದಕ್ಕೂ ಮೊದಲೇ, 1969ರಲ್ಲೇ ಹೋಗಿದ್ದರು. ಊರು ದೊಡ್ಡದಾಗಿರಬೇಕಿಲ್ಲ; ಒಳ್ಳೆಯ ಕೋಣೆಯೊಂದು, ಅಲ್ಲೇ ನೆಲೆಸಿದ ವಾದಕರು, ಅವರಿಗೆ ಸಲ್ಲುವ ಕೂಲಿ ಇದ್ದರೆ ಜಗತ್ತೇ ಅಲ್ಲಿಗೆ ಬರುತ್ತದೆ.

ಈಗ ನಮ್ಮ ಕಡೆ ನೋಡಿ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಶಿಷ್ಯರಲ್ಲಿ ಖೈನೂರ ಕೃಷ್ಣಪ್ಪ ಇದ್ದರು, ಚೆನ್ನೂರ ಜಲಾಲಸಾಹೇಬರಿದ್ದರು. ಜಾತಿ ಮತದ ಗೋಡೆಗಳನ್ನು ನಮ್ಮ ಭಜನೆಯ ತತ್ವಪದ ಎರಡು ಶತಮಾನದ ಹಿಂದೆಯೇ ದಾಟಿತ್ತು. ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರ ತತ್ವಪದಗಳ ಸಂಪುಟಗಳನ್ನು ತಂದಿದೆ, ಅದು ದೊಡ್ಡ ಕೆಲಸ. ಆದರೆ ಪುಸ್ತಕದಲ್ಲಿ ಉಳಿದಿರುವುದು ಅಕ್ಷರ. ಯಾವ ಸಾಲನ್ನು ಹಿಮ್ಮೇಳ ಎಷ್ಟು ಸಲ ಎತ್ತಿತು, ದಮ್ಮಡಿ ಎಲ್ಲಿ ತಡೆದು ಎಲ್ಲಿ ಹರಿಯಿತು, ಹಾಡುವವನ ಉಸಿರು ಎಲ್ಲಿ ಕಟ್ಟಿತು ಎಂಬುದು ಅದರಲ್ಲಿ ಇಲ್ಲ. ‘ಐಲ್ ಟೇಕ್ ಯು ದೇರ್’ನ ಸಾಹಿತ್ಯವನ್ನಷ್ಟೇ ಅಚ್ಚು ಹಾಕಿಟ್ಟಿದ್ದರೆ ಇಂದು ಅದನ್ನು ಯಾರೂ ಕೇಳುತ್ತಿರಲಿಲ್ಲ. ಹಿರಿಯ ಹಾಡುಗಾರರೊಬ್ಬರು ತೀರಿಕೊಂಡಾಗಲೆಲ್ಲ ಒಂದು ಧಾಟಿಯೂ ಅವರ ಜೊತೆ ಮಣ್ಣಾಗುವ ಸ್ಥಿತಿಯಲ್ಲಿ ನಾವಿದ್ದೇವೆ. ಇದನ್ನು ಸಹಿಸಿಕೊಳ್ಳಬಾರದು.

ಆದ್ದರಿಂದ ಕಲಬುರಗಿ ಜಿಲ್ಲೆಯ ಕಮಲಾಪುರದಲ್ಲಿ ಸಾರ್ವಜನಿಕ ಹಣದಿಂದ ಒಂದು ಸ್ಟುಡಿಯೊ ಆಗಬೇಕು. ಕಲಬುರಗಿ ನಗರವೇ ಏಕಾಗಬಾರದು ಎಂದು ಕೇಳಬಹುದು. ಕಮಲಾಪುರ ಕಲಬುರಗಿ–ಹುಮನಾಬಾದ್ ರಸ್ತೆಯಲ್ಲಿದೆ. 2017ರಲ್ಲಿ ಆರಂಭವಾದ ಕಲಬುರಗಿ–ಬೀದರ್ ರೈಲು ಮಾರ್ಗವೂ ಅಲ್ಲಿ ಹಾಯುತ್ತದೆ. ಎರಡೂ ಜಿಲ್ಲೆಗಳ ಭಜನಾ ಮೇಳಗಳಿಗೆ ಅದು ಹತ್ತಿರ, ನಗರದ ಗದ್ದಲದಿಂದ ದೂರ. ಸಣ್ಣ ಊರಿನ ಹೆಸರು ದೂರ ಹೋಗುವುದಿಲ್ಲ ಎನ್ನುವವರು ಅಲ್ಲಿನ ಕೆಂಪು ಬಾಳೆಯನ್ನು ನೆನೆಯಲಿ: ಭೌಗೋಳಿಕ ಮಾನ್ಯತೆ ಪಡೆದ ಆ ಹಣ್ಣು ಊರಿನ ಹೆಸರಿನಿಂದಲೇ ಗುರುತಾಗುತ್ತದೆ.

ಬರದ ನಾಡಿಗೆ ಮೊದಲು ಕುಡಿಯುವ ನೀರು, ಮಕ್ಕಳಿಗೆ ಶಾಲೆ, ಕೈಗೆ ಕೆಲಸ ಬೇಕು ಎಂಬ ಆಕ್ಷೇಪ ಎಲ್ಲಕ್ಕಿಂತ ತೂಕದ್ದು. ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023–24ರ ಬಜೆಟ್‌ನಲ್ಲಿ ಘೋಷಿಸಿದ್ದು 5,000 ಕೋಟಿ ರೂಪಾಯಿ. ಅಷ್ಟರ ಮುಂದೆ ಒಂದು ಸ್ಟುಡಿಯೊದ ಖರ್ಚು ಲೆಕ್ಕಕ್ಕೂ ಸಿಗದು. ಅದಕ್ಕಾಗಿ ಒಂದು ಕೊಳವೆಬಾವಿಯನ್ನೂ ಬಿಡಬೇಕಾಗಿಲ್ಲ. ದುಡಿಯಲು ಪುಣೆ, ಮುಂಬಯಿ, ಹೈದರಾಬಾದಿಗೆ ಗುಳೆ ಹೋಗುವವರ ನಡುವೆ ಒಳ್ಳೆಯ ತಬಲಾ ಕೈಗಳೂ ಇವೆ ಎಂಬುದನ್ನು ಮರೆಯಬಾರದು. ಆಕಾಶವಾಣಿ ಇದೆಯಲ್ಲ ಎಂದರೆ, ಅದರ ಋಣ ದೊಡ್ಡದು, ಆದರೆ ಬಾನುಲಿ ಗಡಿಯಾರಕ್ಕೆ ಕಟ್ಟುಬಿದ್ದದ್ದು, ತತ್ವಪದ ರಾತ್ರಿಗೆ. ಮೊಬೈಲು ಸಾಕು ಎನ್ನುವವರು ಮೊಬೈಲಿನಲ್ಲಿ ಹಿಡಿದ ಭಜನೆಯನ್ನು ಒಮ್ಮೆ ಗಮನವಿಟ್ಟು ಕೇಳಲಿ. ಏಕತಾರಿಯ ತಳದನಿಯೇ ಅಲ್ಲಿ ಉಳಿಯುವುದಿಲ್ಲ.

ಗುರುಮುಖದ ಪದ ಮಾರುಕಟ್ಟೆಗೆ ಬಂದರೆ ಕೆಡುತ್ತದೆ ಎಂಬ ಅಳುಕೂ ಇದೆ. ದೇವರ ಪದ ಬಿಟ್ಟು ಕುಣಿತದ ಹಾಡಿಗೆ ಇಳಿದರೆಂಬ ಮಾತನ್ನು ಸ್ಟೇಪಲ್ಸ್ ಕುಟುಂಬವೂ ಕೇಳಬೇಕಾಯಿತು, ಆದರೆ ಮೇವಿಸ್ ದನಿಯೊಳಗಿನ ಚರ್ಚು ಎಲ್ಲಿಗೂ ಹೋಗಲಿಲ್ಲ. ನಿಜವಾದ ಅಪಾಯ ಬೇರೆ ಕಡೆ ಇದೆ. ಆ ಹಾಡಿನ ಆರಂಭದ ಬೇಸ್ ನಡೆ ಜಮೈಕಾದ ವಾದಕರು 1969ರಲ್ಲಿ ನುಡಿಸಿದ ‘ಲಿಕ್ವಿಡೇಟರ್’ನಿಂದ ಬಂದದ್ದು; ರಚನೆಕಾರರ ಸಾಲಿನಲ್ಲಿ ಅವರ ಹೆಸರಿಲ್ಲ. ನಮ್ಮ ಸ್ಟುಡಿಯೊ ತಪ್ಪಿಸಬೇಕಾದ ಅನ್ಯಾಯ ಇದು. ಹಾಡುಗಾರ, ಧಾಟಿ ಕಲಿಸಿದ ಗುರು, ಹಿಮ್ಮೇಳದ ಹೆಂಗಸರು, ತಾಳದವನು, ಎಲ್ಲರ ಹೆಸರನ್ನೂ ಮುದ್ರಣಕ್ಕೆ ಮೊದಲೇ ಕರಾರಿನಲ್ಲಿ ಬರೆದು, ಬರುವ ಹಣದ ಪಾಲನ್ನೂ ಅಲ್ಲೇ ನಮೂದಿಸಬೇಕು. ಹಾಡಿನ ನಡುವೆ ಬೇಸ್ ಗಿಟಾರಿನ ಸರದಿ ಬಂದಾಗ ಮೇವಿಸ್ ಡೇವಿಡ್ ಹುಡ್‌ರನ್ನು ಹೆಸರು ಹಿಡಿದು ಕರೆಯುತ್ತಾರೆ. ಹಾಡಿನ ಜೊತೆ ಆ ಕರೆಯೂ ಐವತ್ತು ವರ್ಷದಿಂದ ಕೇಳಿಸುತ್ತಿದೆ.