ಸಂಪಾದಕರ ಮಾತು: ಹೂಮಳೆ

ಈಚೆಗೆ ನಮ್ಮ ಕೈಸೇರಿದ ಒಂದು ಅನುವಾದಿತ ಕಥೆಯಲ್ಲಿ, ಯಜಮಾನನ ಗುಟ್ಟನ್ನು ಹೊರಗೆಡಹಿದ ಸೇವಕನನ್ನು ಕುರಿತು 'ಅವನು ಬೀಜಗಳನ್ನು ಚೆಲ್ಲಿಬಿಟ್ಟನು' ಎಂಬ ವಾಕ್ಯವಿದ್ದಿತು. ಮೂಲದಲ್ಲಿ 'ಸ್ಪಿಲ್ ದ ಬೀನ್ಸ್' ಎಂದಿದ್ದಿರಬೇಕೆಂದು ಊಹಿಸುವುದು ಕಷ್ಟವಲ್ಲ. ಆದರೆ ಕಣದಲ್ಲಿ ಕಾಫಿಯನ್ನು ಹರವಿ, ಮೋಡದ ನೆರಳು ಬಿದ್ದೊಡನೆ ಒಂದು ಕಾಳೂ ಪೋಲಾಗದಂತೆ ಬಳಿದು ರಾಶಿಮಾಡುವ ಈ ಸೀಮೆಯಲ್ಲಿ, ಬೀಜ ಚೆಲ್ಲಿದವನು ಮೇಸ್ತ್ರಿಯ ಬೈಗುಳಕ್ಕೆ ಪಾತ್ರನೇ ಹೊರತು ರಹಸ್ಯಭೇದಕನಲ್ಲ. 'ಗುಟ್ಟು ರಟ್ಟು ಮಾಡಿದನು' ಎಂದು ತಿದ್ದಿದೆವು.

ತಿದ್ದಿದ ಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಸಿಂಹಪಾಲು, ಮೊಸಳೆ ಕಣ್ಣೀರು, ಬಿಳಿಯಾನೆ, ಕೆಂಪುಪಟ್ಟಿ, ಇವೆಲ್ಲವೂ ಹೀಗೆಯೇ ಪದಕ್ಕೆ ಪದವಾಗಿ ಇಂಗ್ಲಿಷಿನಿಂದ ಇಳಿದು ಇಂದು ಮನೆಯ ಮಕ್ಕಳಂತೆ ಓಡಾಡುತ್ತಿಲ್ಲವೆ? ಈಸೋಪನ ಸಿಂಹವು ಬೇಟೆಯನ್ನೆಲ್ಲ ತಾನೇ ಕಬಳಿಸಿತೆಂಬುದನ್ನು ಮರೆತು, ಆಂಗ್ಲರು ಮಾಡಿದ ತಪ್ಪನ್ನೇ ಮಾಡಿ, ನಾವೂ ಸಿಂಹಪಾಲೆಂದರೆ ಬರಿಯ ದೊಡ್ಡ ಪಾಲೆಂದೇ ತಿಳಿದಿದ್ದೇವೆ. ಹಾಗಾದರೆ ಕೆಲವು ನುಡಿಗಟ್ಟುಗಳು ನಾಟಿಕೊಂಡು ಕೆಲವು ಕಮರಿದುದಕ್ಕೆ ಕಾರಣವೇನು? ನುಡಿಗಟ್ಟಿನ ಒಡಲಲ್ಲಿ ಯಾರೋ ಎಂದೋ ಕಣ್ಣಾರೆ ಕಂಡ ಒಂದು ದೃಶ್ಯವಿರುತ್ತದೆ. ಅದು ಇಲ್ಲಿಯವರ ಕಣ್ಣಿಗೂ ಕಂಡಿತೆಂದರೆ ಮಾತು ಬೇರೂರುವುದು.

ಇದಕ್ಕೆ ಸಾಕ್ಷಿ ನಮ್ಮ ಕಾಫಿ ಸೀಮೆಯಲ್ಲಿಯೇ ಇದೆ. ಟಾಮಸ್ ಕ್ಯಾನನ್ ಎಂಬ ಬಿಳಿಯ ದೊರೆಯು 1830ರ ಸುಮಾರಿಗೆ ಚಿಕ್ಕಮಗಳೂರು ಸೀಮೆಯಲ್ಲಿ ಕಾಫಿತೋಟವೆಬ್ಬಿಸಿದಂದಿನಿಂದ ಈ ಬೆಟ್ಟಗಳಲ್ಲಿ ಎರಡು ಭಾಷೆಗಳು ಒಂದೇ ನೆರಳಿನಲ್ಲಿ ಬೆಳೆದಿವೆ. ಇಲ್ಲಿ 'ರೈಟರು' ಎಂದರೆ ತೋಟದ ಲೆಕ್ಕ ಬರೆಯುವವರು. ಈ ಲೇಖಕನೇನಾದರೂ ತನ್ನನ್ನು ಹಾಗೆಂದು ಪರಿಚಯಿಸಿಕೊಂಡರೆ 'ಯಾವ ಎಸ್ಟೇಟು?' ಎಂದು ಕೇಳಿಯಾರು. ಕಾಳಿನ ಒಳಸಿಪ್ಪೆಗೆ 'ಪಾರ್ಚ್‌ಮೆಂಟ್' ಎನ್ನುವಾಗ, ಅದು ಹಿಂದೆ ಗ್ರಂಥ ಬರೆಯುತ್ತಿದ್ದ ಹದಮಾಡಿದ ತೊಗಲಿನ ಹೆಸರೆಂದು ನೆನೆಯುವವರು ವಿರಳ. ಮೊಳೆತ ಬೀಜವು ಆ ಸಿಪ್ಪೆಯನ್ನೇ ತಲೆಯ ಮೇಲೆ ಹೊತ್ತು ಮಣ್ಣಿನಿಂದ ಮೇಲೇಳುವ ಹಂತಕ್ಕೆ ಕಾಫಿಯ ಇಂಗ್ಲಿಷಿನಲ್ಲಿ 'ಟೋಪಿ' ಎಂದು ಹೆಸರು. ನಮ್ಮ ದೇಶದಿಂದ ಹೋದ ಶಬ್ದವು ಒಂದು ಚಿತ್ರವನ್ನು ಹೊತ್ತುಕೊಂಡು ಮರಳಿ ಬಂದಿತು. (ಟೋಪಿ ಹಾಕುವ ವಿದ್ಯೆಯನ್ನು ಮಾತ್ರ ನಾವು ಯಾರಿಂದಲೂ ಕಲಿಯಬೇಕಾಗಿರಲಿಲ್ಲ.)

ಇವೆಲ್ಲಕ್ಕಿಂತ ನಮಗೆ ಪ್ರಿಯವಾದುದು 'ಹೂಮಳೆ'. ಮಾರ್ಚಿ-ಏಪ್ರಿಲಿನಲ್ಲಿ ಬಿದ್ದು, ಬಿಗಿದು ನಿಂತ ಮೊಗ್ಗುಗಳನ್ನು ಎಂಟು-ಹತ್ತು ದಿನಗಳಲ್ಲಿ ಅರಳಿಸಿ, ಗುಡ್ಡಕ್ಕೆ ಗುಡ್ಡವನ್ನೇ ಬೆಳ್ಳಗೆ ಮಾಡಿ, ಮಲ್ಲಿಗೆಯಂಥ ಪರಿಮಳವನ್ನು ಕಣಿವೆಗಳಲ್ಲಿ ತುಂಬುವ ಮಳೆಯನ್ನು ದೊರೆಗಳು 'ಬ್ಲಾಸಮ್ ಷವರ್' ಎಂದರು, ನಮ್ಮವರು ಹೂಮಳೆ ಎಂದರು. ಹಳಗನ್ನಡ ಕಾವ್ಯಗಳಲ್ಲಿ 'ಪೂಮಳೆ' ಎಂದರೆ ದೇವತೆಗಳು ಆಗಸದಿಂದ ಕರೆಯುವ ಪುಷ್ಪವೃಷ್ಟಿ. ಸಮಾಸ ಅದೇ, ವಿಗ್ರಹವಾಕ್ಯ ಮಾತ್ರ ಬದಲಾಯಿತು: ಹೂವಿನ ಮಳೆಯಾಗಿದ್ದುದು ಹೂವಿಗೆ ಮಳೆಯಾಯಿತು, ಷಷ್ಠಿಯಿದ್ದಲ್ಲಿ ಚತುರ್ಥಿ ಬಂದು ಕುಳಿತಿತು. ಯಾವ ಪಂಡಿತಸಭೆಯೂ ಸೇರದೆ, ಯಾವ ನಿಘಂಟನ್ನೂ ತೆರೆಯದೆ ನಡೆದ ಈ ಕಾರ್ಯವನ್ನು ನಾವು ಸೃಷ್ಟಿಯೆಂದೇ ಕರೆಯುತ್ತೇವೆ, ಅನುವಾದವೆಂದಲ್ಲ. ಮೂಡಿಗೆರೆಯ ತೋಟದಲ್ಲಿ ನೆಲಸಿ ಕೆನೆತ್ ಆಂಡರ್ಸನ್ನನ ಬೇಟೆಯ ಕಥೆಗಳನ್ನು ಕನ್ನಡಿಸಿದ ಪೂರ್ಣಚಂದ್ರ ತೇಜಸ್ವಿಯವರ ಗದ್ಯದಲ್ಲಿಯೂ ಇದೇ ಗುಣವಿದೆ. ಓದುವಾಗ ಹುಲಿಯು ನಮ್ಮ ಹಳುವಿನಲ್ಲಿಯೇ ಗುರುಗುಟ್ಟಿದಂತಾಗುತ್ತದೆ.

ಹೂವು ಕಾಯಿಕಚ್ಚಲು ಕೆಲವು ವಾರಗಳ ತರುವಾಯ ಬರಬೇಕಾದ ಎರಡನೆಯ ಮಳೆಯನ್ನಾದರೋ ಬಹುಮಂದಿ ಇನ್ನೂ 'ಬ್ಯಾಕಿಂಗ್' ಎಂದೇ ಕರೆಯುತ್ತಾರೆ. ಕಳಸದ ಕಡೆಯ ತೋಟದಾಳುಗಳ ಲೈನುಮನೆಗಳಲ್ಲಿಯೋ, ನಿಮ್ಮ ಅಜ್ಜಿಯ ಬಾಯಲ್ಲಿಯೋ ಅದಕ್ಕೊಂದು ಕನ್ನಡದ ಹೆಸರಿದ್ದರೆ, ವಾಚಕರು ದಯಮಾಡಿ ಒಂದು ಕಾರ್ಡಿನಲ್ಲಿ ಬರೆದು ಕಳುಹಿಸಬೇಕು. ಮುಂದಿನ ಸಂಚಿಕೆಯ ಮೊದಲ ಪುಟವನ್ನು ಅದಕ್ಕಾಗಿ ಬಿಟ್ಟಿರುತ್ತೇವೆ.