ಗಾಡಿಯ ನೆತ್ತಿಯ ಮೇಲೊಂದು ಡೇರೆ



ಕೆಲವು ತಿಂಗಳ ಹಿಂದಿನ ಮಾತು. ಒಂದು ಭಾನುವಾರ ಸಂಜೆ ನಮ್ಮ ಬೀದಿಯ ಕೊನೆಯ ಮನೆಯ ಹಿರಿಯ ತಾಯಿಯೊಬ್ಬರು ಕೈಯಲ್ಲಿ ಮೊಬೈಲು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಮುಖದಲ್ಲಿ ಗಾಬರಿ. "ಮೇಷ್ಟ್ರೇ, ನನ್ನ ಮಗನಿಗೆ ನೀವಾದರೂ ಬುದ್ಧಿ ಹೇಳಿ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕಾಡುಮೇಡು ಅಲೆದು, ರಾತ್ರಿ ಗಾಡಿಯ ತಲೆಯ ಮೇಲೆ ಮಲಗುತ್ತಾನಂತೆ!" ಎಂದರು.

ಅವರ ಮಗ ನನ್ನ ಹಳೆಯ ವಿದ್ಯಾರ್ಥಿ. ಈಗ ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗಿನಲ್ಲಿ ಕೆಲಸದಲ್ಲಿದ್ದಾನೆ. ಅವನು ಕಳಿಸಿದ್ದ ಚಿತ್ರದಲ್ಲಿ ಒಂದು ಪಿಕಪ್ ವಾಹನ, ಅದರ ಛಾವಣಿಯ ಮೇಲೆ ಮಡಿಸಿಟ್ಟ ಹಾಸಿಗೆಯಂಥ ಎರಡು ಗಂಟುಗಳು. ಮುಂದಿನ ಚಿತ್ರದಲ್ಲಿ ಆ ಗಂಟುಗಳು ಪುಸ್ತಕದಂತೆ ಬಿಚ್ಚಿಕೊಂಡು ಎರಡು ಡೇರೆಗಳಾಗಿದ್ದವು. ಒಂದೊಂದಕ್ಕೂ ಒಂದು ಏಣಿ.

ಇದೇನು ಹೊಸ ಹುಚ್ಚಲ್ಲ. ಗಾಡಿಯ ಮೇಲಿನ ಡೇರೆಗಳು 1950ರ ದಶಕದ ಕೊನೆಯ ಹೊತ್ತಿಗೇ ಇಟಲಿಯಲ್ಲಿ ತಯಾರಾಗುತ್ತಿದ್ದವು. ಪೂರ್ವ ಜರ್ಮನಿಯವರು ತಮ್ಮ ಪುಟ್ಟ ಟ್ರಾಬಾಂಟ್ ಕಾರಿನ ಮೇಲೂ ಡೇರೆ ಕಟ್ಟಿ ರಜೆ ಕಳೆದವರು. ಆದರೆ ಈ ಡೇರೆ ನಿಜವಾಗಿ ಮನೆಮಾತಾಗಿರುವುದು ಆಸ್ಟ್ರೇಲಿಯ ಮತ್ತು ದಕ್ಷಿಣ ಆಫ್ರಿಕದ ಕಡೆಗಳಲ್ಲಿ. ಅಲ್ಲಿ ನೆಲದ ಮೇಲೆ ಕಲ್ಲುಮುಳ್ಳು, ಚೇಳು, ಹಾವು. ಮೇಲೆ ಮಲಗಿದರೆ ಗಾಳಿ ಆಡುತ್ತದೆ, ನೆಲ ಸಮ ಮಾಡುವ ಕೆಲಸವಿಲ್ಲ, ಐದೇ ನಿಮಿಷದಲ್ಲಿ ಮನೆ ಸಿದ್ಧ.

ನಮ್ಮ ಹುಡುಗ ಹೊರಟಿದ್ದು ನಮೀಬಿಯಕ್ಕೆ. 2022ರ ಸೆಪ್ಟೆಂಬರಿನಲ್ಲಿ ಮಧ್ಯಪ್ರದೇಶದ ಕುನೋ ಅರಣ್ಯಕ್ಕೆ ಎಂಟು ಚೀತಾಗಳು ಬಂದವಲ್ಲ, ಅದೇ ನಮೀಬಿಯ. ವಿಸ್ತೀರ್ಣದಲ್ಲಿ ಕರ್ನಾಟಕದ ನಾಲ್ಕು ಪಟ್ಟಿಗೂ ಹೆಚ್ಚು; ಜನಸಂಖ್ಯೆ 2023ರ ಗಣತಿಯಂತೆ ಸುಮಾರು 30 ಲಕ್ಷ ಮಾತ್ರ. ಬಹುಪಾಲು ರಸ್ತೆಗಳು ಡಾಂಬರು ಕಾಣದ ಜಲ್ಲಿ ರಸ್ತೆಗಳು. ನಮ್ಮಲ್ಲಿಯಂತೆಯೇ ಅಲ್ಲೂ ಎಡಗಡೆಯ ಸಂಚಾರ.

ಆ ರಾತ್ರಿ ಅವನೇ ಫೋನು ಮಾಡಿದ. "ಸರ್, ಅಮ್ಮನ ಮಾತು ಬಿಡಿ. ನನಗೇ ಒಂದು ಲೆಕ್ಕ ತಾಳೆಯಾಗುತ್ತಿಲ್ಲ. ಗಾಡಿಯ ಕೈಪಿಡಿಯಲ್ಲಿ ಛಾವಣಿಯ ಮೇಲೆ 75 ಕಿಲೋ ಮಾತ್ರ ಹೇರಬಹುದು ಅಂತಿದೆ. ಡೇರೆಯೇ 60 ಕಿಲೋ, ಅದನ್ನು ಹೊರುವ ಕ್ಯಾರಿಯರ್ 15 ಕಿಲೋ. ಅಲ್ಲಿಗೆ ಮುಗಿಯಿತು. ಆದರೆ ಒಳಗೆ ಇಬ್ಬರು ಮಲಗಿದರೆ 200 ಕಿಲೋ ದಾಟುತ್ತದೆ. ಆದರೂ ಎಲ್ಲರೂ ಮಲಗುತ್ತಿದ್ದಾರಲ್ಲ, ಹೇಗೆ?"

ಪ್ರಶ್ನೆ ಕೇಳಿ ನನಗೆ ಬಹಳ ಸಂತೋಷವಾಯಿತು. ಹತ್ತನೆಯ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು ಕಿಟಕಿಯಾಚೆ ನೋಡುತ್ತಿದ್ದ ಹುಡುಗ ಅವನು.

ಉತ್ತರ ಹೀಗಿದೆ. ತೂಕ ಒಂದೇ ಆದರೂ ನಿಂತ ಗಾಡಿಗೆ ಅದು ಒಂದು, ಓಡುವ ಗಾಡಿಗೆ ಮತ್ತೊಂದು. ನಿಂತ ಗಾಡಿಯ ಮೇಲೆ 200 ಕಿಲೋ ಇಟ್ಟರೆ ಛಾವಣಿ ಹೊರಬೇಕಾದದ್ದು ಅಷ್ಟನ್ನೇ. ಅದು ಕಂಬಗಳ ಮೂಲಕ ನೆಟ್ಟಗೆ ಕೆಳಗಿಳಿಯುತ್ತದೆ. ಇದು ಸ್ಥಿರ ಭಾರ. ಗಾಡಿ ಓಡತೊಡಗಿದಾಗ ಪ್ರತಿ ಗುಂಡಿಯೂ ಆ ಹೊರೆಯನ್ನು ಮೇಲಕ್ಕೆ ಎಸೆಯುತ್ತದೆ, ಕೆಳಕ್ಕೆ ಕುಕ್ಕುತ್ತದೆ. ಹೊರೆಯನ್ನು ಗುರುತ್ವ ವೇಗೋತ್ಕರ್ಷದಷ್ಟೇ ವೇಗೋತ್ಕರ್ಷದಿಂದ ಮೇಲಕ್ಕೆ ತಳ್ಳಿದರೆ 75 ಕಿಲೋ ಹೊರೆ ಆ ಕ್ಷಣಕ್ಕೆ 150 ಕಿಲೋ ಆಗಿ ಛಾವಣಿಯನ್ನು ಒತ್ತುತ್ತದೆ. ಇದು ಚಲನೆಯ ಭಾರ. ಕೈಪಿಡಿಯ ಸಂಖ್ಯೆ ಓಡುವ ಗಾಡಿಗೆ ಕೊಟ್ಟದ್ದು. ಆದ್ದರಿಂದಲೇ ಅದು ಅಷ್ಟು ಸಣ್ಣದು.

ಬ್ರೇಕು ಹಾಕಿದಾಗ ಏನಾಗುತ್ತದೆ? ಜಡತ್ವದ ನಿಯಮ ನಿಮಗೆ ಗೊತ್ತು. ಜೋರಾಗಿ ಬ್ರೇಕು ಒತ್ತಿದಾಗ ವೇಗ ಪ್ರತಿ ಸೆಕೆಂಡಿಗೆ 8 ಮೀಟರಿನಂತೆ ಇಳಿಯುತ್ತದೆ ಎನ್ನೋಣ. 60 ಕಿಲೋ ಡೇರೆ 480 ನ್ಯೂಟನ್ ಬಲದಿಂದ, ಅಂದರೆ ಸುಮಾರು 49 ಕಿಲೋ ತೂಕದಷ್ಟು, ಮುಂದಕ್ಕೆ ಜಗ್ಗುತ್ತದೆ. 50 ಕಿ.ಮೀ. ವೇಗದ ಗಾಡಿ ಯಾವುದಕ್ಕಾದರೂ ಡಿಕ್ಕಿ ಹೊಡೆದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತರೆ ಅದೇ ಡೇರೆಯ ಜಗ್ಗಾಟ 850 ಕಿಲೋ ತೂಕಕ್ಕೆ ಸಮ! ಅದನ್ನು ಹಿಡಿದಿಟ್ಟಿರುವುದು ನಾಲ್ಕು ಬೋಲ್ಟು.

"ಹಾಗಾದರೆ ಬೋಲ್ಟು ಗಟ್ಟಿಯಾಗಿ ಬಿಗಿದರೆ ಸಾಕಲ್ಲ ಸರ್?" ಎಂದ.

ಸಾಲದು. ಏಕೆ ಸಾಲದು ಎಂಬುದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. 1987ರಲ್ಲಿ ನಾನು ಪಿಯುಸಿ ಓದುತ್ತಿದ್ದಾಗ ನಮ್ಮ ಅಣ್ಣನ ಮದುವೆ. ದಿಬ್ಬಣಕ್ಕೆ ಒಂದು ವ್ಯಾನು ಗೊತ್ತುಮಾಡಿದ್ದೆವು. ಒಳಗೆ ಜನ ತುಂಬಿ, ಸಾಮಾನೆಲ್ಲ ಮೇಲೆ: ಹಂಡೆ, ಕೊಳಗ, ನಾಲ್ಕು ಮೂಟೆ ಅಕ್ಕಿ, ಕಬ್ಬಿಣದ ಕುರ್ಚಿಗಳು. ಹತ್ತಿ ಹಗ್ಗ ಬಿಗಿದವನು ನಾನೇ. ಊರು ದಾಟಿ ಮೂರನೆಯ ತಿರುವಿನಲ್ಲಿ ಕರುವೊಂದು ಅಡ್ಡ ಬಂತು. ಚಾಲಕ ತಪ್ಪಿಸಲು ಹೋದಾಗ ಎಡಗಡೆಯ ಚಕ್ರಗಳು ರಸ್ತೆಯ ಅಂಚಿನ ಮೆತ್ತನೆಯ ಮಣ್ಣಿಗೆ ಇಳಿದವು. ವ್ಯಾನು ನಿಧಾನವಾಗಿ, ಎಮ್ಮೆ ಮಲಗಿದಂತೆ, ಮಗ್ಗುಲಿಗೆ ಮಲಗಿತು. ದೇವರ ದಯೆ, ಜೀವ ಹೋಗಲಿಲ್ಲ. ಆದರೆ ಚಿಕ್ಕಪ್ಪನ ಬಲತೋಳು ಮುರಿಯಿತು. ಆ ಕೈ ಮತ್ತೆಂದೂ ಹೆಗಲಿಗಿಂತ ಮೇಲಕ್ಕೆ ಏಳಲಿಲ್ಲ.

ಬಿದ್ದ ವ್ಯಾನಿನ ಮೇಲೆ ನಾನು ಕಟ್ಟಿದ್ದ ಹಗ್ಗ ಒಂದೂ ಕಡಿದಿರಲಿಲ್ಲ, ಒಂದು ಗಂಟೂ ಸಡಿಲಿರಲಿಲ್ಲ. ಸಾಮಾನು ಇದ್ದಲ್ಲೇ ಇತ್ತು. ತಪ್ಪು ಗಂಟಿನಲ್ಲಿರಲಿಲ್ಲ, ಇಟ್ಟ ಎತ್ತರದಲ್ಲಿತ್ತು. ಅದಕ್ಕೆ ಎರಡು ವಾರ ಮೊದಲಷ್ಟೇ ಪರೀಕ್ಷೆಯಲ್ಲಿ 'ಗುರುತ್ವ ಕೇಂದ್ರ ಎಂದರೇನು?' ಎಂಬ ಪ್ರಶ್ನೆಗೆ ನಾನು ಪೂರ್ತಿ ಅಂಕ ಪಡೆದಿದ್ದೆ. ಈ ಸಂಗತಿಯನ್ನು ಇಷ್ಟು ವರ್ಷ ತರಗತಿಯಲ್ಲಿ ಹೇಳಿರಲಿಲ್ಲ. ಹೇಳಲು ನಾಚಿಕೆಯಾಗುತ್ತಿತ್ತು.

ಈಗ ಕಾಗದ ಪೆನ್ಸಿಲು ತೆಗೆದುಕೊಳ್ಳಿ, ಹುಡುಗನ ಗಾಡಿಯ ಲೆಕ್ಕ ಮಾಡೋಣ. ಪಿಕಪ್ಪಿನ ತೂಕ 2000 ಕಿ.ಗ್ರಾಂ., ಅದರ ಗುರುತ್ವ ಕೇಂದ್ರ ನೆಲದಿಂದ 70 ಸೆಂ.ಮೀ. ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಛಾವಣಿಯ ಮೇಲೆ, 200 ಸೆಂ.ಮೀ. ಎತ್ತರದಲ್ಲಿ, 60 ಕಿಲೋದ ಎರಡು ಡೇರೆ. 2000ವನ್ನು 70ರಿಂದ, 120ನ್ನು 200ರಿಂದ ಗುಣಿಸಿ, ಕೂಡಿಸಿ, ಒಟ್ಟು ತೂಕ 2120ರಿಂದ ಭಾಗಿಸಿ. ಉತ್ತರ ಸುಮಾರು 77.4 ಸೆಂ.ಮೀ. ಅಂದರೆ ಗುರುತ್ವ ಕೇಂದ್ರ ಏಳು ಸೆಂಟಿಮೀಟರಿಗೂ ಹೆಚ್ಚು ಮೇಲೇರಿತು.

"ಅಷ್ಟೇ ತಾನೆ?" ಎನ್ನಬೇಡಿ. ಎಡಬಲ ಚಕ್ರಗಳ ನಡುವಿನ ಅಂತರ 150 ಸೆಂ.ಮೀ. ಇದ್ದರೆ ಅದರ ಅರ್ಧ 75. ಗುರುತ್ವ ಕೇಂದ್ರದ ಎತ್ತರ ಈ 75ಕ್ಕಿಂತ ಕಡಿಮೆ ಇತ್ತು, ಈಗ ಹೆಚ್ಚಾಯಿತು. ಓರೆ ನೆಲದಲ್ಲಿ ಉರುಳದೆ ನಿಲ್ಲಬಲ್ಲ ಕೋನ 47 ಡಿಗ್ರಿಯಿಂದ 44ಕ್ಕೆ ಇಳಿಯಿತು. ಇದೂ ಕಾಗದದ ಮೇಲಿನ ಕೋನ. ನಿಜವಾದ ಗಾಡಿಯಲ್ಲಿ ಸ್ಪ್ರಿಂಗು ಬಾಗುತ್ತದೆ, ಟೈರು ಅಮುಕುತ್ತದೆ. ಅದು ಇನ್ನೂ ಬೇಗ ಉರುಳುತ್ತದೆ.

ಜಲ್ಲಿ ರಸ್ತೆಯಲ್ಲಿ ಅಪಾಯ ಬರುವ ದಾರಿಯೇ ಬೇರೆ. ವೇಗವಾಗಿ ತಿರುಗಿಸಿದರೆ ಗಾಡಿ ಮೊದಲು ಉರುಳುವುದಿಲ್ಲ, ಜಾರುತ್ತದೆ. ಪಕ್ಕಕ್ಕೆ ಜಾರುತ್ತ ಹೋಗಿ ಅಂಚಿನಲ್ಲಿ ರಾಶಿಬಿದ್ದ ಜಲ್ಲಿಗೋ ಮರಳಿಗೋ ಚಕ್ರ ಸಿಕ್ಕಿಕೊಂಡಾಗ ಕಾಲು ನಿಲ್ಲುತ್ತದೆ, ತಲೆ ಮುಂದಕ್ಕೆ ಹೋಗುತ್ತದೆ. ಹೊಸ್ತಿಲು ಎಡವಿದವನು ಬೀಳುವುದೂ ಹೀಗೆಯೇ. ತಲೆಭಾರ ಹೆಚ್ಚಿದಷ್ಟೂ ಬೀಳುವುದು ಸುಲಭ. ನಮ್ಮ ದಿಬ್ಬಣದ ವ್ಯಾನಿಗೆ ಆದದ್ದು ಇದೇ. ನಮೀಬಿಯದಲ್ಲಿ ಗಾಡಿ ಬಾಡಿಗೆಗೆ ಕೊಡುವ ಎಷ್ಟೋ ಮಂದಿ ಜಲ್ಲಿಯ ಮೇಲೆ 80 ಕಿ.ಮೀ. ವೇಗ ಮೀರಬಾರದೆಂದು ಕರಾರಿನಲ್ಲೇ ಬರೆಸಿಕೊಳ್ಳುವುದು ಸುಮ್ಮನೆ ಅಲ್ಲ. ಗಾಳಿಯ ತಡೆಯೂ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 80ರಿಂದ 100ಕ್ಕೆ ಹೋದರೆ ಡೇರೆಯ ಮೇಲಿನ ಗಾಳಿಯ ಬಲ ಒಂದೂವರೆ ಪಟ್ಟಿಗೂ ಹೆಚ್ಚು.

ಹಾಗಾದರೆ ಉಪಾಯ? ಪಿಕಪ್ಪಿಗೆ ಕಾರಿಗಿಲ್ಲದ ಒಂದು ಅನುಕೂಲವಿದೆ, ಹಿಂದಿನ ತೊಟ್ಟಿ. ಛಾವಣಿಯ ಮೇಲಿನ ಬದಲು ತೊಟ್ಟಿಯ ಗೋಡೆಗಳ ಮೇಲೆ ಗಿಡ್ಡನೆಯ ಕ್ಯಾರಿಯರ್ ಬಿಗಿದು ಡೇರೆ ಕೂರಿಸಬಹುದು. ಮೂವರು ಮಲಗುವ 70 ಕಿಲೋದ ಒಂದೇ ಡೇರೆಯನ್ನು 130 ಸೆಂ.ಮೀ. ಎತ್ತರದಲ್ಲಿ ಕೂರಿಸಿ ಲೆಕ್ಕ ಹಾಕಿ. ಗುರುತ್ವ ಕೇಂದ್ರ 72 ಸೆಂ.ಮೀ. ಮಾತ್ರ. ಮುಂದಿನ ಕ್ಯಾಬಿನ್ನಿನ ಮರೆಯಲ್ಲಿರುವುದರಿಂದ ಗಾಳಿಯ ತಡೆಯೂ ಕಡಿಮೆ. ನೀರಿನ ಕ್ಯಾನು, ಡೀಸೆಲ್ಲು, ಪೆಟ್ಟಿಗೆಗಳೆಲ್ಲ ತೊಟ್ಟಿಯ ತಳದಲ್ಲಿ, ಹಿಂದಿನ ಚಕ್ರಗಳಿಗಿಂತ ಸ್ವಲ್ಪ ಮುಂದೆ ಇರಲಿ.

ಬಿಗಿಯುವಾಗ ನೆನಪಿಡಬೇಕಾದವು ಕೆಲವೇ. ವಾಹನ ತಾಳುವ ಭಾರ, ಕ್ಯಾರಿಯರ್ ತಾಳುವ ಭಾರ, ಡೇರೆಯ ಚೌಕಟ್ಟು ತಾಳುವ ಭಾರ, ಈ ಮೂರರಲ್ಲಿ ಯಾವುದು ಕಡಿಮೆಯೋ ಅದೇ ನಮ್ಮ ಮಿತಿ. ಓಡುವಾಗಿನ ಮಿತಿ, ನಿಂತಾಗಿನ ಮಿತಿ ಎರಡನ್ನೂ ಬೇರೆಬೇರೆಯಾಗಿ ನೋಡಬೇಕು. ತಗಡಿನ ಶೀಟಿನಂತೆ ಅಲೆಅಲೆಯಾದ ರಸ್ತೆಯ ಕಂಪನಕ್ಕೆ ಸಾಧಾರಣ ನಟ್ಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಳಗೆ ನೈಲಾನ್ ಉಂಗುರವಿರುವ ನಟ್ಟು ಹಾಕಬೇಕು. ಮೊದಲ 50 ಕಿ.ಮೀ. ಆದ ಮೇಲೆ ಒಮ್ಮೆ, ಆಮೇಲೆ ಪ್ರತಿ ಬೆಳಿಗ್ಗೆ ಸ್ಪ್ಯಾನರ್ ಹಿಡಿದು ನೋಡಬೇಕು. ಡೇರೆಯನ್ನು ಹಿಡಿದು ಅಲುಗಿಸಿದರೆ ಇಡೀ ಗಾಡಿ ಅಲುಗಬೇಕು. ಡೇರೆ ಮಾತ್ರ ಅಲುಗಿದರೆ ಹೊರಡಬಾರದು.

ಏಣಿಯನ್ನು ಮರೆಯಬೇಡಿ. ಪುಸ್ತಕದಂತೆ ಬಿಚ್ಚುವ ಡೇರೆಯ ಅರ್ಧ ನೆಲ ಗಾಡಿಯ ಆಚೆ ಚಾಚಿರುತ್ತದೆ. ಅದನ್ನು ಹೊರುವುದು ಏಣಿಯೇ. ಏಣಿಯ ಎರಡು ಪಾದ ಸೇರಿ 40 ಚದರ ಸೆಂ.ಮೀ. ಇದ್ದು, 60 ಕಿಲೋ ಭಾರ ಬಿದ್ದರೆ ಚದರ ಸೆಂಟಿಮೀಟರಿಗೆ ಒಂದೂವರೆ ಕಿಲೋ ಒತ್ತಡ. ಮರಳಿನಲ್ಲಿ ಹುಗಿಯದೆ ಇರುತ್ತದೆಯೇ? ಅದರ ಕೆಳಗೆ 30 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದದ ಹಲಗೆ ಇಟ್ಟರೆ ಒತ್ತಡ ಮೂವತ್ತರಲ್ಲಿ ಒಂದು ಪಾಲಾಗುತ್ತದೆ.

ಹೆತ್ತವರಿಗೆ ಒಂದು ಮಾತು. ಜೂನ್, ಜುಲೈ ಆ ಕಡೆ ಚಳಿಗಾಲ. ಮರುಭೂಮಿಯ ರಾತ್ರಿಗಳು ಕೊರೆಯುತ್ತವೆ. ಎಷ್ಟೇ ಚಳಿಯಿದ್ದರೂ ಡೇರೆಯೊಳಗೆ ಒಲೆ, ಕೆಂಡ ಇಡಬಾರದು. ಇದು ನಮ್ಮ ಚಾರಣದ ಹುಡುಗರಿಗೂ ಅನ್ವಯಿಸುತ್ತದೆ. ಅರೆಬೆಂದ ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮಲಗಿದವರು ಏಳುವುದಿಲ್ಲ. ಕಂಬಳಿ ಹೊದೆಯಲಿ, ಕಿಟಕಿ ಒಂದಿಷ್ಟು ತೆರೆದಿರಲಿ.

ಹುಡುಗ ಲೆಕ್ಕವನ್ನು ತಾನೇ ಮತ್ತೊಮ್ಮೆ ಮಾಡಿದ. ಎರಡನೆಯ ಡೇರೆಯನ್ನು ಕೈಬಿಟ್ಟ. ತೊಟ್ಟಿಯ ಮೇಲೆ ಒಂದೇ ಡೇರೆ ಬಿಗಿದು ಹೆಂಡತಿ, ಮಕ್ಕಳನ್ನು ಅದರಲ್ಲಿ ಮಲಗಿಸಿ, ಬೇಲಿ ಹಾಕಿದ ತಂಗುದಾಣಗಳಲ್ಲಿ ತಾನು ನೆಲದ ಮೇಲೆ ಸಣ್ಣ ಡೇರೆ ಹಾಕಿಕೊಂಡ. ಎಲ್ಲರೂ ಸುಖವಾಗಿ ಹಿಂದಿರುಗಿದರು. ಅವನ ತಾಯಿ ಮಾತ್ರ ಮೊನ್ನೆ ಸಿಕ್ಕಾಗ, "ಚೆನ್ನಾಗಿ ಬುದ್ಧಿ ಹೇಳಿದಿರಿ ಮೇಷ್ಟ್ರೇ, ಸೊಸೆ ಅಟ್ಟದ ಮೇಲೆ, ನನ್ನ ಮಗ ನೆಲದ ಮೇಲೆ!" ಎಂದು ನಕ್ಕರು.

ಈ ವಾರದ ಪ್ರಯೋಗ: ಒಂದು ಆಟಿಕೆ ಲಾರಿ, ಒಂದು ಹಲಗೆ, ಹತ್ತು ನಾಣ್ಯ, ಅಂಟುಪಟ್ಟಿ ಮತ್ತು ಕೋನಮಾಪಕ ತೆಗೆದುಕೊಳ್ಳಿ. ಲಾರಿಯನ್ನು ಹಲಗೆಯ ಮೇಲೆ ಅಡ್ಡಲಾಗಿ ನಿಲ್ಲಿಸಿ. ಜಾರದಂತೆ ಕೆಳಗಿನ ಚಕ್ರಗಳಿಗೆ ತೆಳುವಾದ ಪಟ್ಟಿಯೊಂದನ್ನು ಅಂಟಿಸಿ ಆನಿಕೆ ಕೊಡಿ. ನಾಣ್ಯಗಳನ್ನು ಮೊದಲು ಲಾರಿಯ ತಳಕ್ಕೆ, ಆಮೇಲೆ ನೆತ್ತಿಗೆ ಅಂಟಿಸಿ, ಹಲಗೆಯನ್ನು ಮೆಲ್ಲಗೆ ಎತ್ತುತ್ತ ಹೋಗಿ. ಎಷ್ಟು ಡಿಗ್ರಿಗೆ ಉರುಳಿತು ಎಂದು ಎರಡು ಸಲವೂ ಬರೆದುಕೊಳ್ಳಿ. ತೂಕ ಅದೇ, ಲಾರಿ ಅದೇ. ಬದಲಾದದ್ದು ಏನೆಂದು ಮನೆಯವರಿಗೆ ವಿವರಿಸಿ. ಮುಂದಿನ ಸಲ ಮನೆಯವರು ಊರಿಗೆ ಹೊರಡುವಾಗ ಕಾರಿನ ಕ್ಯಾರಿಯರಿಗೆ ಅಕ್ಕಿಮೂಟೆ ಏರುವುದನ್ನು ಕಂಡರೆ, ದಯವಿಟ್ಟು ಸುಮ್ಮನಿರಬೇಡಿ. ನಾನು ಸುಮ್ಮನಿದ್ದೆ.